ದೇವರ ಹತ್ರ ಕ್ಷಮೆ ಕೇಳಿದ ಮೇಲೂ ಮನುಷ್ಯರ ಹತ್ರ ಹೋಗಬೇಕಾ?

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ಬೆಳಿಗ್ಗೆ ನಮ್ಮ ತಮ್ಮ ಗುಂಪಿನಲ್ಲಿ ಒಂದು ಪ್ರಶ್ನೆ ಹಾಕಿದ್ದ. ಅವನ ಸ್ನೇಹಿತರೊಬ್ಬರು ಪಾಲುಗಾರನ ದುಡ್ಡನ್ನ ಲೆಕ್ಕದಲ್ಲಿ ಮರೆಮಾಡಿ ಇಟ್ಕೊಂಡಿದ್ದಾರೆ. ದೇವರ ಹತ್ರ ಅತ್ತು ಕ್ಷಮೆ ಕೇಳಿದ್ದಾರೆ, ಆದ್ರೂ ಕರ್ತನ ಭೋಜನದ (ಸಭೆಯಲ್ಲಿ ಯೇಸುವಿನ ಮರಣವನ್ನ ನೆನೆದು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳೋ) ಭಾನುವಾರ ಬಂದ್ರೆ ಮನಸ್ಸು ಚುಚ್ಚುತ್ತೆ. ಆ ಪಾಲುಗಾರನ ಹತ್ರನೂ ಹೋಗಬೇಕಾ ಅಂತ. ಅದಕ್ಕೆ ಅಣ್ಣನವರೊಬ್ಬರು "ಯೇಸುವಿನ ರಕ್ತದಿಂದ ತೊಳೆದಾಯ್ತು, ಹಳೇದನ್ನ ಕೆದಕಬೇಡ" ಅಂತ ಉತ್ತರ ಕೊಟ್ಟಿದ್ದಾರೆ. ಅಣ್ಣಾ, ನಿಮ್ಮ ಮೊದಲನೇ ಮಾತು ಪೂರ್ತಿ ಸತ್ಯ. ಎರಡನೇದನ್ನ ಮಾತ್ರ ನಾನು ಒಪ್ಪೋದಿಲ್ಲ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಕೇಳಿ.

ಸತ್ಯವೇದದಲ್ಲಿ ಸೌಲ, ದಾವೀದ, ಇಸ್ಕರಿಯೋತ ಯೂದ ಮೂವರೂ "ಪಾಪಮಾಡಿದೆನು" ಅಂತ ಬಾಯಿಬಿಟ್ಟು ಹೇಳಿದವರೇ. ಅಮಾಲೇಕ್ಯರದ್ದು ಏನನ್ನೂ ಉಳಿಸಬೇಡ ಅಂತ ದೇವರು ಹೇಳಿದ್ದನ್ನ ಮೀರಿದ ರಾಜ ಸೌಲ, ಪ್ರವಾದಿ ಸಮುವೇಲ ಕೇಳಿದಾಗ ಹೇಗೆ ಹೇಳಿದ ನೋಡಿ, ಒಂದನೇ ಸಮುವೇಲ 15ನೇ ಅಧ್ಯಾಯ. ಮೊದಲು ತಪ್ಪನ್ನ ಜನರ ಮೇಲೆ ಹಾಕಿದ, ಒಳ್ಳೇ ಕುರಿ ದನಗಳನ್ನ ಅವರೇ ಉಳಿಸಿದ್ದು ಅಂದ. ಆಮೇಲೆ ಜನರಿಗೆ ಹೆದರಿಬಿಟ್ಟೆ ಅಂದ. ಕೊನೆಗೆ, ಪಾಪಮಾಡಿದ್ದು ಹೌದು, ಆದ್ರೆ ಹಿರಿಯರ ಮುಂದೆ ನನ್ನ ಮಾನ ಉಳಿಸು ಅಂತ ಸಮುವೇಲನನ್ನ ಬೇಡಿಕೊಂಡ. ಅವನಿಗೆ ಬೇಕಾಗಿದ್ದು ಮರ್ಯಾದೆ.

ಇನ್ನೊಬ್ಬನ ಹೆಂಡತಿಯನ್ನ ತಗೊಂಡು ಅವನನ್ನ ಕೊಲ್ಲಿಸಿದ್ದ ರಾಜ ದಾವೀದ ಮಾತ್ರ ಪ್ರವಾದಿ ನಾತಾನನ ಮುಂದೆ ಯಾರನ್ನೂ ಮಧ್ಯಕ್ಕೆ ತರಲಿಲ್ಲ. ಕರ್ತನಿಗೆ ವಿರೋಧವಾಗಿ ಪಾಪಮಾಡಿದ್ದೇನೆ ಅಂದ, ಅಷ್ಟೇ. ಕ್ಷಮೆ ಅದೇ ವಚನದಲ್ಲೇ ಬಂತು, ಎರಡನೇ ಸಮುವೇಲ 12:13. ಮಧ್ಯದಲ್ಲಿ ಕಾಯೋ ಅವಧಿ ಇಲ್ಲ, ಉಪವಾಸದ ಲೆಕ್ಕ ಇಲ್ಲ. ಆದ್ರೆ ಮುಂದಿನ ವಚನದಲ್ಲೇ ಆ ಸಂಬಂಧದಲ್ಲಿ ಹುಟ್ಟಿದ ಮಗು ಸಾಯುತ್ತೆ ಅನ್ನೋ ಮಾತೂ ಇದೆ. ಕ್ಷಮೆ ಸಿಕ್ಕಿದ ಮೇಲೂ ಪಾಪದ ಪರಿಣಾಮ ಮನೆಯಲ್ಲಿ ಉಳಿಯಬಹುದು. ತುಂಬಾ ಜನ ಪರಿಣಾಮ ಹೋಗಲಿಲ್ಲ ಅಂದ್ರೆ ದೇವರು ಕ್ಷಮಿಸಲಿಲ್ಲ ಅಂತ ಎಣಿಸಿ ಕುಗ್ಗಿಹೋಗ್ತಾರೆ. ಹಾಗೆ ಎಣಿಸಬೇಡಿ.

ಈಗ ಯೇಸುವನ್ನ ಹಿಡಿದುಕೊಟ್ಟ ಶಿಷ್ಯ ಯೂದ. ಮತ್ತಾಯ 27 ಓದಿ. ಪಶ್ಚಾತ್ತಾಪಪಟ್ಟ, ನಿರಪರಾಧಿಯನ್ನ ಹಿಡಿದುಕೊಟ್ಟೆ ಅಂತ ಒಪ್ಪಿಕೊಂಡ, ಮೂವತ್ತು ಬೆಳ್ಳಿ ನಾಣ್ಯವನ್ನೂ ವಾಪಸ್ ಎಸೆದ. ದುಡ್ಡು ಹಿಂದಕ್ಕೆ ಕೊಟ್ಟರೂ ಉಳಿಯಲಿಲ್ಲ, ಹೋಗಿ ಉರುಲು ಹಾಕಿಕೊಂಡ! ಯಾಕೆ? ಅವನು ಹೋಗಿದ್ದು ಮಹಾಯಾಜಕರ ಹತ್ರ, ಅವರು ಅದು ನಮಗೇನು ಅಂದುಬಿಟ್ಟರು. ಯೇಸುವಿನ ಕಡೆ ಅವನು ತಿರುಗಲೇ ಇಲ್ಲ. ಅದೇ ರಾತ್ರಿ ಯೇಸು ಯಾರೋ ಗೊತ್ತಿಲ್ಲ ಅಂತ ಮೂರು ಸಲ ಅಲ್ಲಗಳೆದ ಶಿಷ್ಯ ಪೇತ್ರ ಬಿಕ್ಕಿ ಬಿಕ್ಕಿ ಅತ್ತ, ಆದ್ರೆ ಶಿಷ್ಯರ ಜೊತೆಯಲ್ಲೇ ಉಳಿದ, ಸತ್ತು ಎದ್ದುಬಂದ ಕರ್ತನು ದಡದ ಮೇಲೆ ಕಂಡಾಗ ನೀರಿಗೆ ಧುಮುಕಿ ಹೋದ. ಎರಡನೇ ಕೊರಿಂಥ 7:10ರಲ್ಲಿ ಪೌಲನು ರಕ್ಷಣೆಗೆ ನಡೆಸೋ ದೈವಿಕ ದುಃಖ ಬೇರೆ, ಮರಣಕ್ಕೆ ನಡೆಸೋ ಲೋಕದ ದುಃಖ ಬೇರೆ ಅಂತ ಹೇಳೋದು ಇದನ್ನೇ.

ಹಾಗಾಗಿ ದುಡ್ಡು ವಾಪಸ್ ಕೊಡೋದ್ರಿಂದ ಕ್ಷಮೆ ಬರೋದಿಲ್ಲ. ಅದಕ್ಕೆ ಲೂಕ 19ನೇ ಅಧ್ಯಾಯದ ಶ್ರೀಮಂತ ಸುಂಕದವನು ಜಕ್ಕಾಯನೇ ಸಾಕ್ಷಿ. ಅವನು ಒಂದು ಕಾಸು ಹಿಂದಕ್ಕೆ ಕೊಡೋ ಮುಂಚೆನೇ ಯೇಸು "ಇಂದು ನಿನ್ನ ಮನೆಯಲ್ಲಿ ಇಳುಕೊಳ್ಳಬೇಕು" ಅಂದಿದ್ದು. ಕೃಪೆ ಮೊದಲು ಮನೆಗೆ ಬಂತು, ಆಮೇಲೆ ಪೆಟ್ಟಿಗೆ ತೆರೆಯಿತು. ಆದ್ರೆ ತೆರೆಯಿತು ಅನ್ನೋದನ್ನ ಮರೀಬೇಡಿ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ತಗೊಂಡಿದ್ದಕ್ಕೆ ನಾಲ್ಕರಷ್ಟು. ಕದ್ದ ಕುರಿಗೆ ಧರ್ಮಶಾಸ್ತ್ರ ಹಾಕಿದ ದಂಡ ಅದು, ವಿಮೋಚನಕಾಂಡ 22:1. ಅವನೇ ಆ ಕಠಿಣ ಲೆಕ್ಕವನ್ನ ತನ್ನ ಮೇಲೆ ಹಾಕಿಕೊಂಡ. ಬಲವಂತ ಯಾರೂ ಮಾಡಲಿಲ್ಲ.

ತಾನೇ ಬಂದು ಒಪ್ಪಿಕೊಂಡವನಿಗೆ ಇರೋ ಲೆಕ್ಕ ಅರಣ್ಯಕಾಂಡ 5:6-8ರಲ್ಲಿದೆ: ಪಾಪವನ್ನ ಅರಿಕೆ ಮಾಡಬೇಕು, ಪೂರ್ತಿ ಮೊತ್ತ ಕೊಡಬೇಕು, ಅದರ ಮೇಲೆ ಐದನೇ ಒಂದು ಭಾಗ ಸೇರಿಸಬೇಕು. ಇಪ್ಪತ್ತೈದು ಸಾವಿರ ಇಟ್ಕೊಂಡಿದ್ರೆ ಐದು ಸಾವಿರ ಸೇರಿ ಮೂವತ್ತು. ನಾವು ಆ ಧರ್ಮಶಾಸ್ತ್ರದ ಅಧೀನದಲ್ಲಿಲ್ಲ, ಅದಕ್ಕೇ ಇದು ನಿಯಮ ಅಂತ ಹೇಳ್ತಿಲ್ಲ. ಆದ್ರೆ ಎಷ್ಟು ಕೊಡ್ಲಿ ಅಂತ ತಡಕಾಡೋರಿಗೆ ಇದಕ್ಕಿಂತ ಒಳ್ಳೇ ಅಳತೆ ನನಗೆ ಗೊತ್ತಿಲ್ಲ. ಆ ಮನುಷ್ಯ ತೀರಿಹೋಗಿದ್ರೆ ಅವರ ಹತ್ತಿರದ ಸಂಬಂಧಿಗೆ ಕೊಡಬೇಕು, ಸಂಬಂಧಿನೂ ಇಲ್ಲದಿದ್ರೆ ಕರ್ತನಿಗೆ ಸಲ್ಲಬೇಕು ಅಂತ ಅಲ್ಲೇ ಬರೆದಿದೆ. ಈಗಿನ ಕಾಲಕ್ಕೆ ಅದನ್ನ ಬಡವರಿಗೆ ಕೊಡಬಹುದು, ಆದ್ರೆ ಕಾಣಿಕೆ ಪಟ್ಟಿಯಲ್ಲಿ ಹೆಸರು ಬರೆಸಬೇಡಿ. ಅದು ನಿಮ್ಮ ಕಾಣಿಕೆ ಅಲ್ಲ.

ತಮ್ಮಾ, ನಿನ್ನ ಸ್ನೇಹಿತರಿಗೆ ಹೇಳು, ಮೊದಲು ದೇವರ ಮುಂದೆ ಪಾಪವನ್ನ ಹೆಸರಿಟ್ಟು ಹೇಳಲಿ. "ನನ್ನ ಎಲ್ಲಾ ಪಾಪ ಕ್ಷಮಿಸು" ಅನ್ನೋ ಪ್ರಾರ್ಥನೆ ತಪ್ಪಲ್ಲ, ಆದ್ರೆ ಒಂದು ಪಾಪ ನಿರ್ದಿಷ್ಟವಾಗಿ ಚುಚ್ಚುತ್ತಿರುವಾಗ ಅದರ ಹಿಂದೆ ಅವಿತುಕೊಳ್ಳೋದು ಸುಲಭ. ವರ್ಷ, ಮೊತ್ತ, ಯಾರದ್ದು, ಅದಕ್ಕೆ ಹೇಳಿದ ಸುಳ್ಳು, ಎಲ್ಲಾ. ಒಂದನೇ ಯೋಹಾನ 1:9 ಓದಲಿ, ಪಾಪ ಅರಿಕೆ ಮಾಡಿದ್ರೆ ದೇವರು ಕ್ಷಮಿಸಿ ಶುದ್ಧಿಮಾಡ್ತಾನೆ ಅನ್ನೋ ಆ ಮಾತಿನ ಮೇಲೆ ನಿಂತ್ಕೊಳ್ಳಲಿ. ಕಣ್ಣೀರು ಬಂತಾ ಇಲ್ವಾ ಅಂತ ನೋಡೋ ಅಗತ್ಯ ಇಲ್ಲ. ಕೆಲವರಿಗೆ ಬರುತ್ತೆ, ಕೆಲವರಿಗಿಲ್ಲ.

ಆಮೇಲೆ ಪಾಲುಗಾರನ ಹತ್ರ ಹೋಗಲಿ. ಮುಖಾಮುಖಿ, ಒಬ್ಬರೇ, ಆದಷ್ಟು ದುಡ್ಡಿನ ಸಮೇತ. "ನಿಮಗೆ ಬೇಜಾರಾಗಿದ್ರೆ ಕ್ಷಮಿಸಿ" ಅನ್ನಬಾರದು, ಅದು ತಪ್ಪನ್ನ ಅವರ ಬೇಜಾರಿನ ಮೇಲೆ ಹಾಕಿದ ಹಾಗೆ. "ಆದ್ರೆ ಆಗ ನನಗೆ ಕಷ್ಟ ಇತ್ತು" ಅಂದ್ರೆ ಸೌಲನ ಮಾತೇ ಆಯ್ತು. "ಇಂಥ ಲೆಕ್ಕದಲ್ಲಿ ಇಷ್ಟನ್ನ ನಾನು ಮರೆಮಾಡಿದ್ದೆ, ಸುಳ್ಳು ಹೇಳಿದ್ದೆ, ತಪ್ಪು ನನ್ನದು" ಅಂದ್ರೆ ಸಾಕು. ಒಟ್ಟಿಗೆ ಕೊಡೋಕಾಗದಿದ್ರೆ ತಿಂಗಳಿಗೆ ಇಷ್ಟು ಅಂತ ಬರೆದು ಸಹಿ ಹಾಕಿ ಕೊಡಲಿ, ಮೊದಲ ಕಂತು ಅವತ್ತೇ. ತಕ್ಷಣ ಕ್ಷಮಿಸಿ ಅಂತ ಪೀಡಿಸಬಾರದು. ನೋವು ತಿಂದವರಿಗೆ ಸಮಯ ಬೇಕು, "ನೀವು ಕ್ರೈಸ್ತರಲ್ವಾ, ಕ್ಷಮಿಸಲೇಬೇಕು" ಅಂತ ಒತ್ತಡ ಹಾಕೋದು ಇನ್ನೊಂದು ಅನ್ಯಾಯ. ಅವರು ಕ್ಷಮಿಸದೇ ಹೋದರೂ ದೇವರ ಕ್ಷಮೆ ರದ್ದಾಗಲ್ಲ.

ಎಲ್ಲಾ ಪಾಪಕ್ಕೂ ಹೀಗೇ ಮಾಡಬೇಕು ಅಂತ ಯಾರೂ ತಿಳ್ಕೋಬೇಡಿ. ಮನಸ್ಸಿನಲ್ಲೇ ಒಬ್ಬರನ್ನ ದ್ವೇಷಿಸಿದ್ದು ಅವರಿಗೆ ಗೊತ್ತೇ ಇಲ್ಲದಿದ್ರೆ, ಹೋಗಿ ಹೇಳಿ ಅವರ ನೆಮ್ಮದಿ ಕೆಡಿಸೋದು ಬೇಡ, ದೇವರ ಮುಂದೆ ಮುಗಿಸಿ. ದಾಂಪತ್ಯದ ವಿಷಯವಾದ್ರೆ ಮೊದಲು ಸಭಾಪಾಲಕರ ಹತ್ರ ಮಾತಾಡಿ, ಯಾವಾಗ ಹೇಗೆ ಹೇಳೋದು ಅಂತ ಜೊತೆಯಲ್ಲಿ ಕೂತು ತೀರ್ಮಾನಿಸಿ. ಪಾಪ ಎಷ್ಟು ಜನರನ್ನ ಮುಟ್ಟಿದೆಯೋ ಅಷ್ಟು ಜನರ ಮುಂದೆ ಅರಿಕೆ ಸಾಕು. ಹಾಗಾಗಿ ಈ ವಿಷಯದ ಹೆಸರು, ಊರು ಯಾವುದನ್ನೂ ದಯವಿಟ್ಟು ಇಲ್ಲಿ ಯಾರೂ ಕೇಳಬೇಡಿ.

ಮತ್ತೆ ಕರ್ತನ ಭೋಜನದ ಮಾತು. ಚುಚ್ಚುತ್ತೆ ಅಂತ ಮೇಜಿನಿಂದ ದೂರ ಉಳಿದು ತಿಂಗಳುಗಟ್ಟಲೆ ತಳ್ಳಬಾರದು. ಮತ್ತಾಯ 5:24ರಲ್ಲಿ ಯೇಸು ಕಾಣಿಕೆಯನ್ನ ಯಜ್ಞವೇದಿಯ ಮುಂದೆ ಇಟ್ಟು ಹೋಗು, ಸಮಾಧಾನ ಮಾಡ್ಕೊಂಡು ಬಂದು ಅದನ್ನ ಅರ್ಪಿಸು ಅಂತಾನೆ. ಬಾ ಅಂತಲೂ ಹೇಳಿದ್ದಾನೆ, ತಮ್ಮಾ. ಮುಂದಿನ ಭೋಜನದ ಭಾನುವಾರಕ್ಕೆ ಮುಂಚೆ ಅವರು ಪಾಲುಗಾರನ ಮನೆಗೆ ಹೋಗಿ ಬರಲಿ. ಒಬ್ಬರೇ ಹೋಗೋಕೆ ಧೈರ್ಯ ಸಾಲದಿದ್ರೆ ಸಭಾಪಾಲಕರು ಗೇಟಿನ ತನಕ ಜೊತೆಗೆ ಬರ್ತಾರೆ, ಕೇಳಿನೋಡು.