ಆನೆಗಿಂತ ಕಡಲಹಸು ಕ್ಷೇಮವಾ? ಕೆಂಪುಪಟ್ಟಿ ಹಾಗೇ ಹೇಳ್ತಿದೆಯಲ್ಲ

ಪ್ರಶ್ನೆ – ಪಟ್ಟಿಪುರಾಣ
ಆನೆಗೂ ಡುಗಾಂಗ್ ಅನ್ನೋ ಕಡಲಹಸುವಿಗೂ ನೆಂಟಸ್ತಿಕೆ ಅಂತ ಓದಿದಾಗಿನಿಂದ ತಲೇಲಿ ಹುಳ ಕೊರೀತಿದೆ. ಒಂದು ಕೊಂಬೆ ಮುರಿದು ತಿನ್ನತ್ತೆ, ಇನ್ನೊಂದು ಕಡಲತಳದ ಹುಲ್ಲು ಮೇಯತ್ತೆ. ಹಿಂಗಾಲೇ ಇಲ್ಲದ್ದು ಆನೆಗೆ ಹೇಗೆ ನೆಂಟ? ಇನ್ನೊಂದು ವಿಷಯ. ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟು ಅಂತ ಹೇಳೋ ಐಯುಸಿಎನ್ ಕೆಂಪುಪಟ್ಟಿಯಲ್ಲಿ ಏಷ್ಯಾದ ಆನೆ 'ಎಂಡೇಂಜರ್ಡ್', ಡುಗಾಂಗ್ ಬರೀ 'ವಲ್ನರಬಲ್', ಅಂದ್ರೆ ಒಂದು ಮೆಟ್ಟಿಲು ಕಡಿಮೆ ಅಪಾಯ. ಡುಗಾಂಗ್ ಕಣ್ಣಾರೆ ಕಂಡವರು ನನಗೆ ಒಬ್ಬರೂ ಸಿಕ್ಕಿಲ್ಲ, ಆದರೂ ಅದೇ ಕ್ಷೇಮವಾ?

ಉತ್ತರ – ಮೂಳೆಮಾತು
ಹೆಣ್ಣು ಡುಗಾಂಗ್‌ನ ಮೊಲೆ ಎಲ್ಲಿದೆ ನೋಡಿ. ಹಸುವಿನ ಹಾಗೆ ಹಿಂದಲ್ಲ, ಆನೆಯ ಹಾಗೆ ಮುಂಗಾಲಿನ ಬಳಿ. ಗಂಡಿಗೆ ಬಾಚಿಹಲ್ಲೇ ಬೆಳೆದು ದಂತ. ವೃಷಣ ಎರಡಕ್ಕೂ ಹೊಟ್ಟೆಯೊಳಗೇ. ಡಿಎನ್ಎ ಕೂಡ ಅದನ್ನೇ ಹೇಳತ್ತೆ. ಹೆಸರಲ್ಲಿ ಹಸು ಇದೆ ಅಷ್ಟೇ.

ಉತ್ತರ – ನಿವೃತ್ತ ಮೇಷ್ಟ್ರು
ವರ್ಷಗಟ್ಟಲೆ ಈ ಪಟ್ಟಿ ಪಾಠ ಮಾಡಿದ್ದೇನೆ, ಪ್ರತಿ ತರಗತಿಯಲ್ಲೂ ಇದೇ ಎಡವಟ್ಟು. ಹಣೆಪಟ್ಟಿ ತಲೆ ಎಣಿಸಿ ಮಾತ್ರ ಕೊಡೋದಲ್ಲ, ಎಷ್ಟು ಬೇಗ ಕರಗ್ತಿದೆ ಅನ್ನೋದೂ ಲೆಕ್ಕಕ್ಕೆ ಬರತ್ತೆ. ಏಷ್ಯಾದ ಆನೆ ಕಳೆದ ಮೂರು ತಲೆಮಾರಲ್ಲಿ ಅರ್ಧಕ್ಕರ್ಧ ಕುಸಿದಿದೆ ಅನ್ನೋ ಅಂದಾಜಿನ ಮೇಲೆ ಎಂಡೇಂಜರ್ಡ್ ಆಯ್ತು. ಡುಗಾಂಗ್‌ನ ವಲ್ನರಬಲ್ ಇಡೀ ಲೋಕದ ಸರಾಸರಿ, ಅದನ್ನು ಎತ್ತಿ ಹಿಡಿದಿರೋದು ಉತ್ತರ ಆಸ್ಟ್ರೇಲಿಯಾ. ಅಲ್ಲಿಂದ ಕಣ್ಣು ತೆಗೆದರೆ ಚಿತ್ರವೇ ಬೇರೆ. ಪೂರ್ವ ಆಫ್ರಿಕಾದ ತೀರದಲ್ಲಿ ಬೆಳೆದ ಪ್ರಾಣಿಗಳು 250ಕ್ಕೂ ಕಡಿಮೆ, 2022ರಲ್ಲಿ ಅಲ್ಲಿನ ಗುಂಪನ್ನು ಪ್ರತ್ಯೇಕವಾಗಿ 'ಕ್ರಿಟಿಕಲಿ ಎಂಡೇಂಜರ್ಡ್' ಅಂದರು, ಅಂದ್ರೆ ಆನೆಗಿಂತಲೂ ಹೆಚ್ಚಿನ ಅಪಾಯ. ಅದೇ ವರ್ಷ ಚೀನಾದ ಕಡಲಲ್ಲಿ ಇನ್ನು ಇಲ್ಲವೆಂದೇ ಲೆಕ್ಕ ಅಂತ ಸಂಶೋಧಕರು ಬರೆದರು.

ಕೊಲ್ಲೋದು ಹೆಚ್ಚಾಗಿ ಮೀನಿನ ಬಲೆ. ಉಸಿರಿಗೆ ಮೇಲೆ ಬರಲೇಬೇಕು, ಬಲೆ ಬಿಡಲ್ಲ. ಮೇಲಿಂದ ಕಡಲಹುಲ್ಲೂ ಹಾಳಾಗ್ತಿದೆ.

ಪಟ್ಟಿಪುರಾಣ
ಬಲೆ ನಿಲ್ಲಿಸಿದರೆ ಸಂಖ್ಯೆ ಏರಲ್ವಾ ಸಾರ್?

ನಿವೃತ್ತ ಮೇಷ್ಟ್ರು
ಏರತ್ತೆ, ಆಮೆನಡಿಗೆಯಲ್ಲಿ. ಆನೆ 20ರಿಂದ 22 ತಿಂಗಳು ಹೊತ್ತು ಒಂದು ಮರಿ. ಡುಗಾಂಗ್ ಒಂದು ವರ್ಷಕ್ಕೂ ಹೆಚ್ಚು ಹೊತ್ತು ಒಂದೇ ಮರಿ, ಮುಂದಿನದಕ್ಕೆ 3ರಿಂದ 7 ವರ್ಷ. ಈ ವಿಷಯದಲ್ಲಿ ಮಾತ್ರ ನೆಂಟಸ್ತಿಕೆ ಚೆನ್ನಾಗಿ ಉಳಿಸಿಕೊಂಡಿವೆ!

ಮೂಳೆಮಾತು
ಡುಗಾಂಗ್‌ನ ತೀರಾ ಹತ್ತಿರದ ನೆಂಟ ಸ್ಟೆಲ್ಲರ್ ಕಡಲಹಸು. ಬೇರಿಂಗ್ ಸಮುದ್ರದಲ್ಲಿ ನಾವಿಕರ ಕಣ್ಣಿಗೆ ಬಿದ್ದದ್ದು 1741ರಲ್ಲಿ. ಮಾಂಸಕ್ಕಾಗಿ ಬೇಟೆಯಾಡಿ 1768ರ ಹೊತ್ತಿಗೆ ಮುಗಿಸಿಬಿಟ್ಟರು. 27 ವರ್ಷ, ಅಷ್ಟೇ.