ಥೈರಾಯ್ಡ್ ಟೆಸ್ಟ್ ಟಿಎಸ್‌ಎಚ್ ಮೂರು ಸಲವೂ ನಾರ್ಮಲ್, ಅಕ್ಕನ ಸುಸ್ತು ಮಾತ್ರ ಹೋಗ್ತಿಲ್ಲ. ಮುಂದೆ ಯಾವ ಟೆಸ್ಟ್?

ಯಗಚಿ ದಂಡೆ (ಬೇಲೂರು)

ಅಕ್ಕನಿಗೆ 31 ವರ್ಷ. ಒಂದು ವರ್ಷದಿಂದ ವಿಪರೀತ ಸುಸ್ತು, ಮಲಬದ್ಧತೆ, ಚರ್ಮ ಒಣಗಿ ಬಿಳಿಚಿಕೊಂಡಿದೆ, ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಏಪ್ರಿಲ್ ಬಿಸಿಲಲ್ಲೂ ಸ್ವೆಟರ್ ಬಿಚ್ಚಲಿಲ್ಲ. ನೋಡಿದವರೆಲ್ಲ ಥೈರಾಯ್ಡ್ ಅಂತಾರೆ, ರಿಪೋರ್ಟ್ ಮಾತ್ರ ಮೂರು ಸಲವೂ ನಾರ್ಮಲ್. ಕೊನೆಯದು ಹೀಗಿದೆ: ಟಿಎಸ್‌ಎಚ್ 2.1, ಟಿ4 5.4 (ಲ್ಯಾಬಿನ ಮಿತಿ 5.1ರಿಂದ 14.1), ಟಿ3 ಮಿತಿಯೊಳಗೆ, ಹಿಮೋಗ್ಲೋಬಿನ್ 10.8. ರಕ್ತ ಕೊಟ್ಟಿದ್ದು ಮಧ್ಯಾಹ್ನ ಮೂರಕ್ಕೆ, ಊಟ ಆದಮೇಲೆ. ಈಗ ತಗೊಳ್ತಿರೋದು ಕೂದಲಿಗೆ ಅಂತ ಬಯೋಟಿನ್ 10 ಮಿ.ಗ್ರಾಂ, ದಿನಕ್ಕೊಂದು.

ಪಕ್ಕದ ಮನೆಯವರು ತಮ್ಮ ಥೈರಾಯ್ಡ್ ಮಾತ್ರೆಯ (25 ಎಂಸಿಜಿ) ಒಂದು ಸ್ಟ್ರಿಪ್ ಕೊಟ್ಟು, ಹದಿನೈದು ದಿನ ನುಂಗಿ ನೋಡು ಅಂದಿದ್ದಾರೆ. ಇನ್ನೂ ಶುರು ಮಾಡಿಲ್ಲ. ಮುಂದಿನ ವಾರ ಹಾಸನಕ್ಕೆ ಕರ್ಕೊಂಡು ಹೋಗ್ತೀನಿ. ಏನೇನು ಟೆಸ್ಟ್ ಮಾಡಿಸಬೇಕು?

ಸ್ಯಾಂಪಲ್ ಟ್ಯೂಬ್ (ಲ್ಯಾಬ್ ಟೆಕ್ನಿಷಿಯನ್, ಹಾಸನ)

ಬಯೋಟಿನ್ ಇವತ್ತೇ ನಿಲ್ಲಿಸಿ. ನಿಮ್ಮ ಮೂರೂ ರಿಪೋರ್ಟುಗಳನ್ನ ನಂಬೋದಕ್ಕೆ ಮೊದಲ ಅಡ್ಡಿ ಅದೇ.

ಹಲವು ಲ್ಯಾಬ್ ಯಂತ್ರಗಳಲ್ಲಿ ಟೆಸ್ಟ್ ಹಿಡಿದಿಡೋ ಅಂಟಿನ ಕೆಲಸವನ್ನ ಬಯೋಟಿನ್ನೇ ಮಾಡುತ್ತೆ. ರಕ್ತದಲ್ಲಿ ಮಾತ್ರೆಯ ಬಯೋಟಿನ್ ತುಂಬಿದ್ರೆ ಅಂಟು ಹಿಡಿಯೋ ಜಾಗವನ್ನೆಲ್ಲ ಅದೇ ತುಂಬಿಕೊಳ್ಳುತ್ತೆ. ಪರಿಣಾಮ ಎರಡು ಕಡೆಗೆ: ಟಿಎಸ್‌ಎಚ್ (ಥೈರಾಯ್ಡ್‌ಗೆ ಕೆಲಸ ಮಾಡು ಅಂತ ಹೇಳೋ ಹಾರ್ಮೋನು, ಥೈರಾಯ್ಡ್ ಸೋತರೆ ಏರುತ್ತೆ) ಇರೋದಕ್ಕಿಂತ ಕಡಿಮೆ ತೋರಿಸುತ್ತೆ, ಟಿ4 (ಥೈರಾಯ್ಡ್ ತಯಾರಿಸೋ ಹಾರ್ಮೋನು) ಇರೋದಕ್ಕಿಂತ ಜಾಸ್ತಿ ತೋರಿಸುತ್ತೆ. ಅಂದ್ರೆ ಟಿಎಸ್‌ಎಚ್ ನಿಜಕ್ಕೂ 7 ಇದ್ದು, ಟಿ4 ನಿಜಕ್ಕೂ ಮಿತಿಗಿಂತ ಕೆಳಗಿದ್ರೂ ಕಾಗದದ ಮೇಲೆ ಎರಡೂ ನಾರ್ಮಲ್ ಕಾಣಬಹುದು. ಎಲ್ಲ ಯಂತ್ರಕ್ಕೂ ಈ ತೊಂದರೆ ಇಲ್ಲ, ಆದರೆ ಯಾವ ಲ್ಯಾಬಿನಲ್ಲಿ ಯಾವ ಯಂತ್ರ ಅಂತ ಹುಡುಕೋದಕ್ಕಿಂತ ಮಾತ್ರೆ ಬಿಡೋದು ಸುಲಭ. ಕನಿಷ್ಠ ಎರಡು ದಿನ ಅಂತಾರೆ, 10 ಮಿ.ಗ್ರಾಂ ಆದ್ರೆ ಮೂರು ದಿನ ಬಿಡಿ. ಕೂದಲಿನ ಮಾತ್ರೆ, ಉಗುರಿನ ಮಾತ್ರೆ, ಕೆಲವು ಮಲ್ಟಿವಿಟಮಿನ್ ಎಲ್ಲದರಲ್ಲೂ ಬಯೋಟಿನ್ ಇರುತ್ತೆ, ಹಿಂದಿನ ಲೇಬಲ್ ಓದಿ.

ಎರಡನೇದು ಸಮಯ. ಟಿಎಸ್‌ಎಚ್ ರಾತ್ರಿಯಿಂದ ನಸುಕಿನವರೆಗೆ ಏರಿರುತ್ತೆ, ಮಧ್ಯಾಹ್ನ ಇಳಿಯುತ್ತೆ. ಬೆಳಗ್ಗೆ ಎಂಟರ ಆಸುಪಾಸು ಖಾಲಿ ಹೊಟ್ಟೆಯಲ್ಲಿ, ಪ್ರತಿ ಸಲ ಒಂದೇ ಲ್ಯಾಬಿನಲ್ಲಿ ಕೊಟ್ರೆ ಮಾತ್ರ ಹೋಲಿಸಬಹುದು.

ಮೂರನೇದು, ನಿಮಗೆ ಮಾಡಿರೋದು ಟೋಟಲ್ ಟಿ4. ಅದು ಪ್ರೋಟೀನಿಗೆ ಅಂಟಿಕೊಂಡಿರೋದನ್ನೂ ಸೇರಿಸಿ ಎಣಿಸುತ್ತೆ. ಗರ್ಭನಿರೋಧಕ ಮಾತ್ರೆ, ಬಸಿರು ಇದ್ದರೂ ಏರುತ್ತೆ. ‘ಥೈರಾಯ್ಡ್ ಪ್ರೊಫೈಲ್’ ಅಂತ ಕೇಳಿದ್ರೆ ಸಾಮಾನ್ಯವಾಗಿ ಇದನ್ನೇ ಮಾಡ್ತಾರೆ. ಚೀಟಿಯಲ್ಲಿ ಫ್ರೀ ಟಿ4 (ಪ್ರೋಟೀನಿಗೆ ಅಂಟದೆ ಬಿಡಿಯಾಗಿರೋದು), ಟಿಎಸ್‌ಎಚ್, ಆ್ಯಂಟಿ ಟಿಪಿಒ (ಮೈಯೇ ಥೈರಾಯ್ಡ್ ಮೇಲೆ ದಾಳಿ ಮಾಡ್ತಿದೆಯಾ ಅಂತ ತೋರಿಸೋ ಟೆಸ್ಟ್) ಅಂತ ಬಿಡಿಬಿಡಿಯಾಗಿ ಬರೆಸಿ. ರಿವರ್ಸ್ ಟಿ3ಗೆ ದುಡ್ಡು ಸುರಿಯಬೇಡಿ, ಚಿಕಿತ್ಸೆ ನಿರ್ಧರಿಸೋಕೆ ಅದು ನೆರವಾಗಲ್ಲ.

ಕಾಫಿ ಹೂವು (ಜನರಲ್ ಮೆಡಿಸಿನ್, ಚಿಕ್ಕಮಗಳೂರು)

ಲ್ಯಾಬಿನವರು ಹೇಳಿದ್ದು ಸರಿ. ಪಕ್ಕದ ಮನೆಯ ಸ್ಟ್ರಿಪ್ ದಯವಿಟ್ಟು ವಾಪಸ್ ಕೊಡಿ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಪ್ರಯೋಗದಲ್ಲಿ, ಥೈರಾಯ್ಡ್ ಲಕ್ಷಣ ಇದ್ದು ರಕ್ತ ಪರೀಕ್ಷೆ ನಾರ್ಮಲ್ ಇದ್ದವರಿಗೆ ಸ್ವಲ್ಪ ಕಾಲ ಥೈರಾಕ್ಸಿನ್ (ಇದೇ ಥೈರಾಯ್ಡ್ ಮಾತ್ರೆ), ಸ್ವಲ್ಪ ಕಾಲ ಔಷಧವಿಲ್ಲದ ಖಾಲಿ ಮಾತ್ರೆ ಕೊಟ್ಟು ನೋಡಿದರು. ಖಾಲಿ ಮಾತ್ರೆಗಿಂತ ಥೈರಾಕ್ಸಿನ್ ಹೆಚ್ಚೇನೂ ಮಾಡಲಿಲ್ಲ. ಬೇಡದ ಥೈರಾಕ್ಸಿನ್ ವರ್ಷಗಟ್ಟಲೆ ಹೆಚ್ಚಾಗಿ ಹೋದರೆ ಮೂಳೆ ಸವೆಯುತ್ತೆ, ಎದೆಬಡಿತ ತಾಳ ತಪ್ಪುತ್ತೆ.

ಟಿಪಿಒ ಪಾಸಿಟಿವ್ ಬಂದು ಟಿಎಸ್‌ಎಚ್ ನಾರ್ಮಲ್ ಇದ್ದರೆ ಮಾತ್ರೆ ಬೇಕಿಲ್ಲ, ವರ್ಷಕ್ಕೊಮ್ಮೆ ಟಿಎಸ್‌ಎಚ್ ನೋಡಿದರೆ ಸಾಕು.

ಹಿಮೋಗ್ಲೋಬಿನ್ 10.8 ಕಡೆ ಯಾರೂ ಕಣ್ಣೇ ಹಾಯಿಸಿಲ್ಲ ಅನ್ನೋದು ನನಗೆ ಬೇಸರ. ಹೆಂಗಸರಿಗೆ 12ರ ಕೆಳಗೆ ಇಳಿದರೆ ಅದು ರಕ್ತಹೀನತೆಯೇ. ಅದೊಂದೇ ಸುಸ್ತು, ಚಳಿ, ಕೂದಲು ಉದುರೋದಕ್ಕೆ ಸಾಕು. ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಬಿ12, ಎಚ್‌ಬಿಎ1ಸಿ (ಸಕ್ಕರೆ ಕಾಯಿಲೆಯ ಟೆಸ್ಟ್) ಸೇರಿಸಿ. ಫೆರಿಟಿನ್ ಹಾಳೆಯಲ್ಲಿ 13ರಿಂದ 150 ಅನ್ನೋ ಥರ ಮಿತಿ ಹಾಕಿರ್ತಾರೆ, 16 ಬಂದರೆ ‘ನಾರ್ಮಲ್’ ಅಂತ ಬಿಟ್ಟುಬಿಡ್ತಾರೆ. ಲಕ್ಷಣ ಇದ್ದು 30ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣದ ಕೊರತೆ ಅಂತಲೇ ನೋಡಬೇಕು. ನಮ್ಮ ಕಡೆ ತಿಂಡಿ ಜೊತೆಗೇ ಫಿಲ್ಟರ್ ಕಾಫಿ ಕುಡಿಯೋದರಿಂದ ಕಬ್ಬಿಣ ಮೈಗೆ ಹತ್ತಲ್ಲ. ಊಟ, ಕಬ್ಬಿಣದ ಮಾತ್ರೆ ಎರಡರಿಂದಲೂ ಕಾಫಿಗೆ ಒಂದು ಗಂಟೆ ಅಂತರ ಇರಲಿ.

ಒಂದು ವಿಷಯ ನೀವು ಬರೆದಿಲ್ಲ. ಅಕ್ಕನಿಗೆ ಹೆರಿಗೆ ಆಗಿದೆಯಾ? ಯಾವಾಗ? ಆಗ ರಕ್ತ ಹೆಚ್ಚು ಹೋಗಿತ್ತಾ? ಹಾಲು ಬಂತಾ? ಮುಟ್ಟು ಸರಿಯಾಗಿದೆಯಾ?

ಯಗಚಿ ದಂಡೆ

ಹದಿನಾಲ್ಕು ತಿಂಗಳ ಮಗು ಇದೆ ಡಾಕ್ಟ್ರೇ. ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿ ನಾಲ್ಕು ಬಾಟ್ಲಿ ರಕ್ತ ಕೊಟ್ಟಿದ್ದರು. ಹಾಲು ಬರಲೇ ಇಲ್ಲ, ಮೊದಲಿಂದಲೂ ಡಬ್ಬಿ ಹಾಲು. ಮುಟ್ಟು ಇನ್ನೂ ಶುರುವಾಗಿಲ್ಲ. ಬಾಣಂತನ, ಬರುತ್ತೆ ಅಂತ ಅಮ್ಮ ಸುಮ್ಮನಿದ್ದಾರೆ. ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತೆ ಅಂತಾಳೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಕಾಫಿ ಹೂವು

ಇದೆ. ಮುಂದಿನ ವಾರ ಬೇಡ, ಈ ವಾರವೇ ಹೋಗಿ.

ಬಸಿರಿನಲ್ಲಿ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ದಪ್ಪಗಾಗಿರುತ್ತೆ, ಅದಕ್ಕೆ ಹೋಗೋ ರಕ್ತ ಆ ಪ್ರಮಾಣದಲ್ಲಿ ಹೆಚ್ಚಿರಲ್ಲ. ಹೆರಿಗೆಯಲ್ಲಿ ರಕ್ತ ಸೋರಿ ಬಿಪಿ ಕುಸಿದರೆ ಗ್ರಂಥಿಯ ಒಂದು ಭಾಗ ಸತ್ತುಹೋಗಬಹುದು. ಇದಕ್ಕೆ ಶೀಹನ್ ಸಿಂಡ್ರೋಮ್ ಅಂತಾರೆ. 1937ರಲ್ಲಿ ವಿವರಿಸಿದ ರೋಗಶಾಸ್ತ್ರಜ್ಞರ ಹೆಸರು. ಹಾಲು ಬರದಿರೋದು ಮೊದಲ ಸುಳಿವು, ಹಾಲೂಡಿಸದಿದ್ದರೂ ಮುಟ್ಟು ಬರದಿರೋದು ಎರಡನೇದು. ಅದೇ ಆಗಿದೆ ಅಂತ ಇಲ್ಲಿ ಕೂತು ಹೇಳಲಾರೆ, ಆದರೆ ಅದಿಲ್ಲ ಅಂತ ಖಚಿತವಾಗೋವರೆಗೆ ಬಿಡೋ ಹಾಗಿಲ್ಲ.

ಟಿಎಸ್‌ಎಚ್ ತಯಾರಾಗೋದೇ ಪಿಟ್ಯುಟರಿಯಲ್ಲಿ. ಗ್ರಂಥಿಗೇ ಏಟು ಬಿದ್ದಿದ್ದರೆ ಟಿ4 ಎಷ್ಟು ಇಳಿದರೂ ಟಿಎಸ್‌ಎಚ್ ಏರಲ್ಲ, 2.1 ಅಂತ ನಾರ್ಮಲ್ ಆಗಿಯೇ ಕೂತಿರುತ್ತೆ. ಅಂಥವರಲ್ಲಿ ಟಿಎಸ್‌ಎಚ್ ಒಂದನ್ನೇ ನೋಡಿದರೆ ಕಾಯಿಲೆ ತಪ್ಪಿಹೋಗುತ್ತೆ, ಫ್ರೀ ಟಿ4 ನೋಡಲೇಬೇಕು.

ಬರೆಸಬೇಕಾದ್ದು: ಬೆಳಗ್ಗೆ 8ರ ಕಾರ್ಟಿಸಾಲ್ (ಬಿಪಿ, ಶುಗರ್ ಹಿಡಿದಿಡೋ ಹಾರ್ಮೋನು, ಅದೂ ಪಿಟ್ಯುಟರಿ ಹೇಳಿದರೇ ಬರೋದು), ಫ್ರೀ ಟಿ4, ಟಿಎಸ್‌ಎಚ್, ಪ್ರೊಲ್ಯಾಕ್ಟಿನ್ (ಹಾಲಿನ ಹಾರ್ಮೋನು), ಎಫ್‌ಎಸ್‌ಎಚ್, ಎಲ್‌ಎಚ್ (ಎರಡೂ ಮುಟ್ಟಿಗೆ ಸಂಬಂಧಿಸಿದ್ದು), ಸೋಡಿಯಂ, ಪೊಟ್ಯಾಸಿಯಂ, ಶುಗರ್, ಜೊತೆಗೆ ಮೂತ್ರದ ಪ್ರೆಗ್ನೆನ್ಸಿ ಟೆಸ್ಟ್. ಕಾರ್ಟಿಸಾಲ್ 3ಕ್ಕಿಂತ ಕೆಳಗಿದ್ದರೆ ಕೊರತೆ ಬಹುತೇಕ ಖಚಿತ, 18 ದಾಟಿದ್ದರೆ ಚಿಂತೆ ಇಲ್ಲ, ನಡುವೆ ಬಂದರೆ ಇಂಜೆಕ್ಷನ್ ಕೊಟ್ಟು ಮತ್ತೊಮ್ಮೆ ನೋಡ್ತಾರೆ. ಆಮೇಲೆ ಪಿಟ್ಯುಟರಿ ಎಂಆರ್‌ಐ.

ಆ ಸ್ಟ್ರಿಪ್ ಯಾಕೆ ಮುಟ್ಟಬಾರದು ಅನ್ನೋದು ಇಲ್ಲಿದೆ. ಕಾರ್ಟಿಸಾಲ್ ಕಡಿಮೆ ಇರೋರಿಗೆ ಮೊದಲೇ ಥೈರಾಕ್ಸಿನ್ ಕೊಟ್ಟರೆ, ಮೈಯಲ್ಲಿರೋ ಚೂರುಪಾರು ಕಾರ್ಟಿಸಾಲ್ ಕೂಡ ಬೇಗ ಖರ್ಚಾಗಿ ವಾಂತಿ, ಬಿಪಿ ಕುಸಿತ, ಪ್ರಜ್ಞೆ ತಪ್ಪೋವರೆಗೂ ಹೋಗಬಹುದು. ಮೊದಲು ಹೈಡ್ರೋಕಾರ್ಟಿಸೋನ್ (ಕಾರ್ಟಿಸಾಲ್ ಬದಲಿಗೆ ಕೊಡೋ ಔಷಧ), ಆಮೇಲೆ ಥೈರಾಕ್ಸಿನ್. ಈ ಅನುಕ್ರಮ ತಪ್ಪಬಾರದು.

ಸ್ಯಾಂಪಲ್ ಟ್ಯೂಬ್

ಬಯೋಟಿನ್ ಇದ್ದರೆ ಕಾರ್ಟಿಸಾಲ್ ಕೂಡ ಸುಳ್ಳು ಜಾಸ್ತಿ ತೋರಿಸಬಹುದು. ಇವತ್ತು ಸೋಮವಾರ, ಇವತ್ತಿಂದ ಬಿಟ್ಟರೆ ಗುರುವಾರ ಬೆಳಗ್ಗೆ ಕೊಡಬಹುದು. ಬೇಲೂರಿಂದ ಸುಮಾರು 40 ಕಿಲೋಮೀಟರ್, ಆರೂವರೆಯೊಳಗೆ ಬಸ್ಸು ಹತ್ತಿದರೆ ಎಂಟಕ್ಕೆ ರಕ್ತ ಕೊಡೋಕೆ ಸಿಗ್ತೀರಿ. ಚೀಟಿ ಮೇಲೆ ಬಯೋಟಿನ್ ನಿಲ್ಲಿಸಿದ ದಿನ, ರಕ್ತ ತೆಗೆದ ಗಂಟೆ ಎರಡನ್ನೂ ಬರೆಸಿ.

ಕಾಫಿ ಹೂವು

ಒಂದು ತಿದ್ದುಪಡಿ. ಇವರ ವಿಷಯದಲ್ಲಿ ಖಾಲಿ ಹೊಟ್ಟೆ ಬೇಡ. ಈ ಟೆಸ್ಟುಗಳಿಗೆ ಉಪವಾಸ ಬೇಕಿಲ್ಲ, ಕಾರ್ಟಿಸಾಲ್ ಕಡಿಮೆ ಇದ್ದವರು ಹಸಿದು ಕೂತರೆ ಶುಗರ್ ಇಳಿಯುತ್ತೆ. ಹೊರಡೋ ಮುಂಚೆ ಉಪ್ಪು ಹಾಕಿದ ಗಂಜಿ ಕುಡಿಸಿ, ಚೀಲದಲ್ಲಿ ಬಾಳೆಹಣ್ಣು, ಒಂದು ತುಂಡು ಬೆಲ್ಲ ಇಟ್ಕೊಳ್ಳಿ. ಹೆರಿಗೆಯ ಡಿಸ್ಚಾರ್ಜ್ ಸಮ್ಮರಿ ಮರೀಬೇಡಿ, ಎಷ್ಟು ಬಾಟ್ಲಿ ರಕ್ತ ಕೊಟ್ಟರು ಅನ್ನೋದು ಅದರಲ್ಲೇ ಇರುತ್ತೆ. ಹಿಮ್ಸ್ (ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ) ಆಗಲಿ ಬೇರೆ ಕಡೆಯಾಗಲಿ, ಮೊದಲು ಜನರಲ್ ಮೆಡಿಸಿನ್‌ಗೆ ಹೋಗಿ. ಅಲ್ಲಿ ‘ಥೈರಾಯ್ಡ್ ತೋರಿಸೋಕೆ ಬಂದಿದ್ದೀವಿ’ ಅನ್ನಬೇಡಿ. ‘ಹೆರಿಗೆಯಲ್ಲಿ ರಕ್ತ ಹೋಗಿತ್ತು, ಹಾಲು ಬರಲಿಲ್ಲ, ಮುಟ್ಟು ಬಂದಿಲ್ಲ’ ಅಂತ ಈ ಮೂರನ್ನ ಮೊದಲ ವಾಕ್ಯದಲ್ಲೇ ಹೇಳಿ. ಗುರುವಾರದೊಳಗೆ ಜ್ವರ, ವಾಂತಿ, ಭೇದಿ ಅಥವಾ ತಲೆಸುತ್ತಿ ಬೀಳೋದು ಏನಾದರೂ ಆದರೆ ಟೆಸ್ಟಿಗೆ ಕಾಯದೆ ರಾತ್ರಿಯಾದರೂ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ, ಅಲ್ಲೂ ಇದೇ ಮೂರು ಮಾತು ಹೇಳಿ.