ಸಹಾಯ ಬೇಕು: ಬೋಲ್ಟ್ ಬಿಗಿ ಮಾಡಿದ ಮೇಲೆ ಪಂಪ್ ಟೈಮಿಂಗ್ ಜಾರ್ತಿದೆ
ಪಂಪ್ ಕೆಲಸ ಬಲ್ಲ ಅಣ್ಣಂದಿರೇ, ಗಾಡಿ ಪುಣೆ ಹತ್ರ ನಿಗಡಿ ಟ್ರಾನ್ಸ್‌ಪೋರ್ಟ್ ನಗರದಲ್ಲಿ ನಿಂತಿದೆ. ಹಳೇ ಆರು ಸಿಲಿಂಡರ್ ಡೀಸೆಲ್, ಸಿಲಿಂಡರ್‌ಗಳಿಗೆ ಡೀಸೆಲ್ ಒತ್ತಿ ಕಳಿಸೋ ಇನ್‌ಲೈನ್ ಪಂಪ್. ಬೆಳಿಗ್ಗೆ ಬಿಳಿ ಹೊಗೆ, ಖಂಬಾಟ್ಕಿ ಘಾಟಿ ಹತ್ತೋವಾಗ ಎಳೆತವೇ ಇಲ್ಲ. ನಾಝಲ್, ಫಿಲ್ಟರ್, ಏರ್ ಎಲ್ಲ ನೋಡಾಯ್ತು.

ಟೈಮಿಂಗ್, ಅಂದ್ರೆ ಪಂಪ್ ಡೀಸೆಲ್ ಕಳಿಸೋ ಸಮಯ ನೋಡೋಕೆ, ಒಂದನೇ ಸಿಲಿಂಡರ್ ಕಂಪ್ರೆಶನ್‌ಗೆ ತಂದು, ಅದರ ಡೆಲಿವರಿ ವಾಲ್ವ್, ಸ್ಪ್ರಿಂಗ್ ತೆಗೆದು, ಹೋಲ್ಡರ್ ವಾಪಸ್ ಹಾಕಿ ಬಗ್ಗಿದ ಪೈಪ್ ಕೂರಿಸಿದೆ. ರ‍್ಯಾಕ್ (ಡೀಸೆಲ್ ಪ್ರಮಾಣ ಹೊಂದಿಸೋ ಸರಳು) ಫುಲ್‌ನಲ್ಲಿ. ಹ್ಯಾಂಡ್ ಪ್ರೈಮರ್ ಒತ್ತುತ್ತಾ ಎಂಜಿನ್ ನಿಧಾನ ತಿರುಗಿಸಿದರೆ ಧಾರೆ ಸಣ್ಣಗಾಗಿ ಹನಿಗೆ ಬರೋದು ಸರಿಯಾಗಿ ಫ್ಲೈವೀಲ್ ಗುರುತಿಗೆ. ಎಂಜಿನ್ ತಿರುಗಾಟವನ್ನ ಪಂಪ್‌ಗೆ ಜೋಡಿಸೋ ಕಪ್ಲಿಂಗ್‌ನ ಬೋಲ್ಟ್ ಬಿಗಿ ಮಾಡಿ ಮತ್ತೆ ನೋಡಿದರೆ 4 ಡಿಗ್ರಿ ಲೇಟ್! ಪಂಪ್ ಎಂಜಿನ್‌ನ ಅರ್ಧ ಸ್ಪೀಡಲ್ಲಿ ತಿರುಗೋದ್ರಿಂದ ಕಪ್ಲಿಂಗ್ ಹತ್ರ ಅದು ಬರೀ 2 ಡಿಗ್ರಿ, ಕಣ್ಣಿಗೇ ಕಾಣಲ್ಲ. ಗೇರ್ ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) ಅಲ್ಲ. ಗುರುತು ದಾಟಿದಾಗೆಲ್ಲ ಕಾಲು ಸುತ್ತು ಹಿಂದೆ ಹೋಗಿ, ಮತ್ತೆ ಎಂಜಿನ್ ಓಡೋ ದಿಕ್ಕಿನಲ್ಲೇ ಗುರುತಿಗೆ ತಂದಿದ್ದೇನೆ.

ಕಪ್ಲಿಂಗ್‌ನ ಸ್ಟೀಲ್ ಪಟ್ಟಿಗಳಲ್ಲಿ ಎರಡು ತೂತು ಮೊಟ್ಟೆ ಆಕಾರಕ್ಕೆ ಸವೆದಿವೆ. ನನ್ನ ಅನುಮಾನ ಅಲ್ಲೇ. ಆದರೆ ಸ್ಪೀಡ್ ಏರಿದ ಹಾಗೆ ಟೈಮಿಂಗ್ ಮುಂದೆ ತರೋ ಅಡ್ವಾನ್ಸ್ ಯೂನಿಟ್ ಹಿಡಿದು ಅಲ್ಲಾಡಿಸಿದರೆ ಅದರಲ್ಲೂ ಪ್ಲೇ (ಸಡಿಲ) ಇದೆ.

ಪಂಪ್ ಇಳಿಸದೆ, ಈ ಪ್ಲೇ ಪಟ್ಟಿದಾ ಅಡ್ವಾನ್ಸ್ ಯೂನಿಟ್‌ದಾ ಅಂತ ಬೇರೆ ಮಾಡಿ ನೋಡೋದು ಹೇಗೆ? ಪಟ್ಟಿ ಮಾತ್ರ ಬದಲಿಸಿದರೆ ಸಾಕಾ?